ಕಾರಿನ ಎಂಜಿನ್ನಿಗೆ ರೀಮ್ಯಾಪ್: ಪರ–ವಿರೋಧ

ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನಲ್ಲಿ ಕಾರ್ಖಾನೆಯವರು ಬರೆದಿಟ್ಟ ಮ್ಯಾಪನ್ನು, ಎಂದರೆ ಎಂಜಿನ್ನು ನಡೆಯಬೇಕಾದ ರೀತಿಯ ಕೋಷ್ಟಕಗಳನ್ನು, ತಿದ್ದಿಸಿ, ಎಂಜಿನ್ನಿನ ಶಕ್ತಿಯನ್ನೂ ಮೈಲೇಜನ್ನೂ ಹೆಚ್ಚಿಸಿಕೊಳ್ಳುವ ರೀಮ್ಯಾಪಿನ ರೂಢಿ ನಮ್ಮಲ್ಲಿಯೂ ಬೇರೂರಿದೆ. ಇದು ಯುಕ್ತವೆ? ಟರ್ಬೊ ಡೀಸೆಲ್ ಕಾರಿನಲ್ಲಿ ಘಟ್ಟ ಹತ್ತಿಳಿಯುವ ಮಲೆನಾಡಿನ ಗೃಹಸ್ಥರೊಬ್ಬರೂ ವಾಹನ ತಂತ್ರಜ್ಞಾನವನ್ನು ಬೋಧಿಸುವ ಅಧ್ಯಾಪಕರೊಬ್ಬರೂ ಇಲ್ಲಿ ತಂತಮ್ಮ ಅಭಿಪ್ರಾಯವನ್ನು ಮಂಡಿಸಿದ್ದಾರೆ.

ಪರ: ಕಟ್ಟಿಹಾಕಿದ ಶಕ್ತಿ ಒಡೆಯನ ಸ್ವತ್ತು

ದುಡಿದ ಹಣವನ್ನು ತೆತ್ತು ಕೊಂಡ ಯಂತ್ರವೊಂದರ ಒಡಲಿನಲ್ಲಿ ಅದರ ಒಡೆಯನಿಗೆ ಕಾಣಗೊಡದೆ ಕಟ್ಟಿಹಾಕಿದ ಶಕ್ತಿಯಿರುವುದಾದರೆ, ಆ ಕಟ್ಟನ್ನು ಬಿಚ್ಚಿಕೊಳ್ಳುವ ಅಧಿಕಾರ ಒಡೆಯನಿಗೆ ಉಂಟೆ ಎಂಬುದೇ ಈ ಚರ್ಚೆಯ ಮೂಲಪ್ರಶ್ನೆ. ಉಳಿದುವೆಲ್ಲ ಅದರ ಶಾಖೋಪಶಾಖೆಗಳು. ಉಂಟೆಂದು ನಾನು ಸಂದೇಹಲೇಶವಿಲ್ಲದೆ ಸಾರುತ್ತೇನೆ. ರೀಮ್ಯಾಪನ್ನು ಪಡ್ಡೆಹುಡುಗರ ಶೋಕಿಯೆಂದು ತಳ್ಳಿಹಾಕುವ ಹಿರಿಯರು, ತಾವು ಕೊಂಡ ಕಾರಿನ ಶಕ್ತಿಯನ್ನು ನಿರ್ಧರಿಸಿದ್ದು ಲೋಹದ ತಾಳಿಕೆಯೋ ಮಾರಾಟ ವಿಭಾಗದ ಲೆಕ್ಕಾಚಾರವೋ ಎಂಬುದನ್ನು ಒಮ್ಮೆಯಾದರೂ ಪರ್ಯಾಲೋಚಿಸಬೇಕೆಂದು ನನ್ನ ವಿನಂತಿ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾದುದಿಲ್ಲ. 2017ರಲ್ಲಿ ಜೀಪ್ ಕಂಪಾಸ್ ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದ 1956 ಸಿಸಿಯ ಫಿಯೆಟ್ ಡೀಸೆಲ್ ಎಂಜಿನ್ನು 173 ಅಶ್ವಶಕ್ತಿಯನ್ನು ಕೊಡುತ್ತಿತ್ತು. 2019ರ ಜನವರಿಯಲ್ಲಿ ಟಾಟಾ ಹ್ಯಾರಿಯರ್ ಬಂದಾಗ ಅದೇ ಮೂಲದ, ಅದೇ 1956 ಸಿಸಿಯ ಎಂಜಿನ್ನು 140ಕ್ಕೆ ನಿಂತಿತು. ವರ್ಷವೊಂದು ಕಳೆದು 2020ರಲ್ಲಿ ಬಿಎಸ್-6 ಮಾಲಿನ್ಯ ನಿಯಮಕ್ಕೆ ಹೊಂದಿದ ಹ್ಯಾರಿಯರ್ ಹೊರಬಿದ್ದಾಗ ಅದು 170ಕ್ಕೆ ಏರಿತು. ಒಂದು ಬಾನೆಟ್ಟಿನ ಕೆಳಗೆ 173ರ ಬಲದಿಂದ ದುಡಿಯುವ ಎಂಜಿನ್ನು ಮತ್ತೊಂದು ಬಾನೆಟ್ಟಿನ ಕೆಳಗೆ 140ಕ್ಕೇ ದಣಿದುಹೋಗುತ್ತದೆಂದು ನಂಬುವುದು ಹೇಗೆ? ಹೊಗೆಯ ಕಟ್ಟಳೆ ಬಿಗಿಯಾದ ವರ್ಷವೇ ಅದರ ಬಲವೂ ಹೆಚ್ಚಿತೆಂಬುದನ್ನು, ಶಕ್ತಿಗೂ ಮಾಲಿನ್ಯಕ್ಕೂ ಬಿಡಿಸಲಾಗದ ನಂಟಿದೆಯೆನ್ನುವವರು ವಿಶೇಷವಾಗಿ ಗಮನಿಸತಕ್ಕದ್ದು. ಮೊದಲ ವರ್ಷ ಲಕ್ಷಗಟ್ಟಲೆ ಸುರಿದು ಹ್ಯಾರಿಯರ್ ಕೊಂಡ ಮಹನೀಯನೊಬ್ಬ ಮರುವರ್ಷದವನಿಗೆ ದಕ್ಕಿದ ಆ 30 ಅಶ್ವಶಕ್ತಿಯನ್ನು ತನ್ನ ಕಾರಿನಲ್ಲಿಯೂ ಬಯಸಿದರೆ, ಅದನ್ನು ಅಪರಾಧವೆನ್ನಲು ನನ್ನ ನಾಲಗೆ ಏಳದು.

ಕಾರ್ಖಾನೆಯವರು ಮ್ಯಾಪು ಬರೆಯುವಾಗ ನಿಮ್ಮನ್ನಾಗಲಿ ನನ್ನನ್ನಾಗಲಿ ನೆನೆದು ಬರೆಯುವುದಿಲ್ಲ. ರಾಜಸ್ಥಾನದ ಬೇಸಗೆಯಲ್ಲಿ ಕಾದ ರಸ್ತೆಯ ಮೇಲೆ ಓಡುವ ಕಾರಿಗೂ, ಲಡಾಖಿನಲ್ಲಿ 5000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ತೆಳುಗಾಳಿಯನ್ನು ಹೀರಿ ಏದುವ ಕಾರಿಗೂ, ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದವನ ಕಾರಿಗೂ, ಎಲ್ಲೋ ಕಲಬೆರಕೆ ಡೀಸೆಲ್ ತುಂಬಿಸಿಕೊಂಡವನ ಕಾರಿಗೂ ಒಂದೇ ಮ್ಯಾಪು ಸಲ್ಲಬೇಕಾದುದರಿಂದ, ಅವರು ಎಲ್ಲೆಡೆಯೂ ಧಾರಾಳವಾಗಿ ಮೀಸಲನ್ನು ಇಟ್ಟುಕೊಳ್ಳುತ್ತಾರೆ. ಅವರ ದೃಷ್ಟಿಯಿಂದ ಅದು ವಿವೇಕವೇ. ಆದರೆ ಹದವಾದ ಹವೆಯ ನಾಡಿನಲ್ಲಿ, ಒಳ್ಳೆಯ ಬಂಕಿನ ಡೀಸೆಲನ್ನೇ ಹಾಕಿಸಿ, ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸುವವನು ಅನ್ಯರ ಅಲಕ್ಷ್ಯಕ್ಕಾಗಿ ಇಟ್ಟ ಮೀಸಲಿನ ಭಾರವನ್ನು ಜೀವಮಾನವಿಡೀ ಏಕೆ ಹೊರಬೇಕು?

ನುರಿತ ಟ್ಯೂನರನ ಕೆಲಸವನ್ನು ಹತ್ತಿರ ಕುಳಿತು ನೋಡಿದವರಿಗೆ ಇದರಲ್ಲಿ ಮಂತ್ರತಂತ್ರಗಳೇನೂ ಇಲ್ಲವೆಂಬುದು ಮನದಟ್ಟಾಗುತ್ತದೆ. ಮೊದಲು ಅವನು ಕಾರನ್ನು ಇದ್ದಂತೆಯೇ ಓಡಿಸಿ, ಇಂಜೆಕ್ಟರುಗಳೆಲ್ಲ ಸಮನಾಗಿ ಕೆಲಸಮಾಡುತ್ತಿವೆಯೆ, ಬೂಸ್ಟ್ ಎಲ್ಲಿಯಾದರೂ ಸೋರುತ್ತಿದೆಯೆ ಎಂದು ಲಾಗ್ ತೆಗೆದು ಪರಿಶೀಲಿಸುತ್ತಾನೆ. ಅನಂತರ, ಬರೆಯುವ ನಡುವೆ ಬ್ಯಾಟರಿ ಕುಸಿದು ಇಸಿಯು ಕೆಡದಿರಲೆಂದು ಚಾರ್ಜರ್ ಜೋಡಿಸಿ, ಸ್ಟಿಯರಿಂಗಿನ ಕೆಳಗಣ ಓಬಿಡಿ ಪೋರ್ಟಿಗೆ ಕೇಬಲ್ ಸಿಕ್ಕಿಸಿ, ಕಾರ್ಖಾನೆಯ ಫೈಲನ್ನು ಭದ್ರವಾಗಿ ತೆಗೆದಿರಿಸುತ್ತಾನೆ. ಆಮೇಲೆಯೇ ಡೀಸೆಲಿನ ಪ್ರಮಾಣ, ಇಂಧನ ರೈಲಿನ ಒತ್ತಡ, ಟರ್ಬೊ ಬೂಸ್ಟ್, ಡೀಸೆಲ್ ಸಿಂಪಡಿಸುವ ಕ್ಷಣ, ಟಾರ್ಕಿನ ಮಿತಿ, ಹೊಗೆಯ ಮಿತಿ ಇವುಗಳ ಕೋಷ್ಟಕಗಳನ್ನು ಒಂದಕ್ಕೊಂದು ಹೊಂದುವಂತೆ ತಿದ್ದಿ ಬರೆದು, ಮತ್ತೆ ಓಡಿಸಿ, ಮತ್ತೆ ಲಾಗ್ ನೋಡುತ್ತಾನೆ. ಬಿಡಿಭಾಗವೊಂದನ್ನೂ ಬದಲಿಸದ ಈ ಸ್ಟೇಜ್ ಒನ್ ಕೆಲಸದಿಂದಲೇ ಟರ್ಬೊ ಡೀಸೆಲಿನ ಬಲ ಶೇಕಡ 20ರಿಂದ 30ರವರೆಗೆ ಹೆಚ್ಚುವುದುಂಟು. ಬೇಡವೆನಿಸಿದರೆ ಮೂಲ ಫೈಲನ್ನು ಮರಳಿ ತುಂಬಿಸಲೂಬಹುದು. ಟರ್ಬೊ ಇಲ್ಲದ ಪೆಟ್ರೋಲ್ ಕಾರಿನವರು ಇಷ್ಟನ್ನು ನಿರೀಕ್ಷಿಸಬಾರದು. ಅವರಿಗೆ ದಕ್ಕುವುದು ಅತ್ಯಲ್ಪ, ಅವರು ಹಣ ಉಳಿಸಿಕೊಳ್ಳುವುದೇ ಲೇಸು.

ಈ ಲಾಭ ಹಾಳೆಯ ಮೇಲಿನ ಅಂಕಿಯೆಂದು ಭಾವಿಸುವವರನ್ನು ಶಿರಾಡಿ ಘಾಟಿಗೆ ಆಹ್ವಾನಿಸುತ್ತೇನೆ. 75 ಅಶ್ವಶಕ್ತಿಯ, 1248 ಸಿಸಿಯ ಸ್ವಿಫ್ಟ್ ಡೀಸೆಲನ್ನು ಓಡಿಸಿದವರೆಲ್ಲರೂ ಬಲ್ಲಂತೆ, 2000 ಆರ್‌ಪಿಎಮ್ಮಿನ ಕೆಳಗೆ ಅದರ ಟರ್ಬೊ ಎಚ್ಚರಗೊಳ್ಳುವುದೇ ಇಲ್ಲ. ನಾಲ್ವರನ್ನು ಕೂರಿಸಿಕೊಂಡು, ಡಿಕ್ಕಿಯ ತುಂಬ ಸಾಮಾನು ಹೇರಿಕೊಂಡು, ತೆವಳುವ ಟ್ಯಾಂಕರಿನ ಬೆನ್ನಿಗೆ ಏರು ಹತ್ತುವಾಗ, ಎದುರಿನ ದಾರಿ ಕ್ಷಣಕಾಲ ತೆರವಾಯಿತೆಂದು ಪೆಡಲನ್ನು ಅದುಮಿದರೆ, ಕಾರು ಯೋಚಿಸುತ್ತ ನಿಂತು, ಅದರ ಪಿಕಪ್ ಬರುವಷ್ಟರಲ್ಲಿ ತಿರುವಿನಿಂದ ಬಸ್ಸೊಂದು ಇಳಿದು ಬರುತ್ತದೆ. ಒಳ್ಳೆಯ ಮ್ಯಾಪು ಆ ವಿಳಂಬವನ್ನು ತಗ್ಗಿಸುತ್ತದೆ. ಓವರ್‌ಟೇಕ್ ಬೇಗ ಮುಗಿಯುತ್ತದೆ. ರಸ್ತೆಯ ತಪ್ಪು ಬದಿಯಲ್ಲಿರುವ ಕಾಲ ಕಿರಿದಾಗುತ್ತದೆ. ಇದನ್ನು ನಾನು ಸುರಕ್ಷತೆಯೆಂದೇ ಕರೆಯುತ್ತೇನೆ.

ಮೈಲೇಜಿನ ಮಾತಿಗೆ ಬಂದರೆ, ಕೆಳಗಣ ಆರ್‌ಪಿಎಮ್ಮಿನಲ್ಲೇ ಟಾರ್ಕು ಒದಗುವುದರಿಂದ ಗೇರು ಇಳಿಸುವ ಸಂದರ್ಭಗಳು ಕಡಿಮೆಯಾಗಿ, ಎಂಜಿನ್ನು ನಿರಾಯಾಸವಾಗಿ ತಿರುಗಿ, ಡೀಸೆಲು ಉಳಿಯುತ್ತದೆ. ಹೊಸ ಬಲದ ಸವಿಯನ್ನು ಪ್ರತಿ ಸಿಗ್ನಲಿನಲ್ಲಿಯೂ ಉಣ್ಣಬಯಸುವವನಿಗೆ ಉಳಿತಾಯ ಕಾಣದೆನ್ನುವುದೂ, ಮೊದಮೊದಲು ಹಾಗೆ ಬಯಸದವರು ವಿರಳವೆನ್ನುವುದೂ ನಿಜ. ಅದು ಪಾದದ ದೋಷವೇ ಹೊರತು ಮ್ಯಾಪಿನ ದೋಷವಲ್ಲ.

ಇನ್ನು ಆಕ್ಷೇಪಗಳು. ವಾರಂಟಿ ಮುಗಿದ ಕಾರಿಗೆ ವಾರಂಟಿಯ ಭಯವೇಕೆ? ಕ್ಲಚ್ ಪ್ಲೇಟು ತುಸು ಮುಂಚೆ ಸವೆಯಬಹುದು, ಸವೆಯಲಿ. ಅದು ಸವೆಯುವುದಕ್ಕೆಂದೇ ಮಾಡಿದ ಭಾಗ. ಕಪ್ಪು ಹೊಗೆ ಕಾರುವುದನ್ನೇ ಪರಾಕ್ರಮವೆಂದು ತಿಳಿದವರಿಗಾಗಿ ಮಾಲಿನ್ಯವನ್ನು ತಗ್ಗಿಸುವ ಇಜಿಆರ್ ಮುಚ್ಚುವ, ಹೊಗೆಯ ಮಸಿಯನ್ನು ಸೋಸುವ ಡಿಪಿಎಫ್ ಕತ್ತರಿಸಿ ತೆಗೆಯುವ ಅಂಗಡಿಗಳು ಇವೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಅಂಥವುಗಳಿಂದಲೇ ಈ ವಿದ್ಯೆಗೆ ಕೆಟ್ಟ ಹೆಸರು ಬಂದಿರುವುದು. ಕಳ್ಳವೈದ್ಯರಿದ್ದಾರೆಂದು ವೈದ್ಯವನ್ನೇ ನಿಷೇಧಿಸುವರುಂಟೆ? ಸರ್ಕಾರವು ನುರಿತ ಟ್ಯೂನರುಗಳಿಗೆ ಪರವಾನಗಿ ಕೊಟ್ಟು, ತಿದ್ದಿದ ಮ್ಯಾಪನ್ನು ಆರ್‌ಸಿಯಲ್ಲಿ ದಾಖಲಿಸುವ ವ್ಯವಸ್ಥೆ ಮಾಡಲಿ. ಯಂತ್ರದ ಒಡೆತನ ಪೂರ್ಣವಾಗಿರಬೇಕು. ಅರೆ ಒಡೆತನಕ್ಕೆ ಪೂರ್ಣ ಬೆಲೆ ತೆರುವುದು ನ್ಯಾಯವಲ್ಲ.

ವಿರೋಧ: ಹೆಚ್ಚಿದ ಶಕ್ತಿಯ ಬೆಲೆ ತೆರುವವರು ಯಾರು?

ರೀಮ್ಯಾಪಿನ ಪಕ್ಷದವರಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಆ ಉತ್ಸಾಹ ಸಹಜವೆಂಬುದನ್ನೂ ನಾನು ಬಲ್ಲೆ. ಆದಕಾರಣ ವಿರೋಧದ ಕಾರಣಗಳನ್ನು ಒಂದೊಂದಾಗಿ, ಸರಳವಾಗಿ ನಿವೇದಿಸುತ್ತೇನೆ.

ಮೊದಲನೆಯದು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರೂಪಿಸಿದ ವಿವರಗಳಿಗೆ ಭಿನ್ನವಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ಇದನ್ನು ಎತ್ತಿಹಿಡಿಯಿತು; ಅದೇ ವರ್ಷದ ತಿದ್ದುಪಡಿಯು ನಿಯಮಬಾಹಿರವಾದ ಪ್ರತಿಯೊಂದು ಮಾರ್ಪಾಟಿಗೆ 5000 ರೂಪಾಯಿ ದಂಡವನ್ನು, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸವನ್ನು, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ರಸ್ತೆಯಲ್ಲಿ ತಡೆದ ಅಧಿಕಾರಿಗೆ ಫೈಲಿನೊಳಗಣ ತಿದ್ದುಪಡಿ ಕಾಣುವುದಿಲ್ಲವೆಂಬುದು ವಾಸ್ತವ. ಕಾಣದಿರುವುದರಿಂದ ಅದು ನ್ಯಾಯಸಮ್ಮತವಾಗದು.

ಎರಡನೆಯದು ವಾರಂಟಿ ಮತ್ತು ವಿಮೆ. ಅನೇಕ ಕಾರುಗಳ ಇಸಿಯುವಿನಲ್ಲಿ ಮರುಬರವಣಿಗೆಯ ಗುರುತು ಉಳಿಯುತ್ತದೆ. ಮೂಲ ಫೈಲನ್ನು ಮರಳಿ ತುಂಬಿಸಿದರೂ ಅದು ಅಳಿಯಲೇಬೇಕೆಂದಿಲ್ಲ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಟು, ಅಪಘಾತದ ಮರುದಿನ ಪರಿಹಾರವನ್ನು ನಿರಾಕರಿಸಲು ಅವರ ಕೈಗೆ ಸಿಕ್ಕುವ ಕಾರಣವಾಗುತ್ತದೆ.

ಮೂರನೆಯದು ಬಿಡಿಭಾಗಗಳ ತಾಳಿಕೆ. ಒಂದೇ ಎಂಜಿನ್ನು ಎರಡು ಬಲಗಳಲ್ಲಿ ಮಾರಾಟವಾಗುವುದನ್ನು ಸಾಮಾನ್ಯವಾಗಿ ಸಾಕ್ಷ್ಯವಾಗಿ ಒಡ್ಡುತ್ತಾರೆ. ಕೆಲವೆಡೆ ಅದು ನಿಜವಾದರೂ, ಸ್ವಿಫ್ಟಿನ ಅದೇ 1248 ಸಿಸಿಯ ಮಲ್ಟಿಜೆಟ್ ಎಂಜಿನ್ನು ಎರ್ಟಿಗಾದಲ್ಲಿ 90 ಅಶ್ವಶಕ್ತಿಗೆ ಏರಿದಾಗ ಅದಕ್ಕೆ ಬೇರೊಂದು ಬಗೆಯ, ರೆಕ್ಕೆಗಳ ಕೋನ ಬದಲಾಗುವ ಟರ್ಬೊವನ್ನೇ ಕೂಡಿಸಿದ್ದರು. ಫೈಲು ತಿದ್ದಿ ಸುಮ್ಮನಾಗಲಿಲ್ಲ. ಫೋಕ್ಸ್‌ವ್ಯಾಗನ್ ವೆಂಟೊ ಡೀಸೆಲಿನ ಏಳು ಗೇರುಗಳ, ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸ್ 250 ನ್ಯೂಟನ್ ಮೀಟರ್ ಟಾರ್ಕಿಗೆಂದು ರಚಿತವಾದುದು, ಕಾರ್ಖಾನೆಯಿಂದ ಬರುವಾಗಲೇ ಆ ಎಂಜಿನ್ನು ಕೊಡುತ್ತಿದ್ದುದೂ ಸರಿಯಾಗಿ 250. ಇದರ ಮೇಲೆ ಏರಿಸಿದ ಒಂದೊಂದು ಅಂಶವೂ ಕ್ಲಚ್ಚಿನ ಆಯುಷ್ಯದಿಂದ ಕಳೆಯತಕ್ಕದ್ದು. ಟರ್ಬೊ ಪೆಟ್ರೋಲಿನಲ್ಲಿ, ಹೆಚ್ಚಿನ ಬೂಸ್ಟಿನೊಂದಿಗೆ ಅಕಾಲ ದಹನದ ಬಡಿತ ಸೇರಿದರೆ ಪಿಸ್ಟನ್ನೇ ಒಡೆಯಬಹುದು.

ನಾಲ್ಕನೆಯದು ಗಾಳಿ, ನನ್ನ ಮನಸ್ಸಿನಲ್ಲಿ ಉಳಿದೆಲ್ಲವುಗಳಿಗಿಂತ ಮಿಗಿಲಾದುದು ಇದೇ. ಡೀಸೆಲನ್ನು ತುಸು ಮುಂಚಿತವಾಗಿ ಸಿಂಪಡಿಸಿದರೆ ಅಷ್ಟೇ ಇಂಧನದಿಂದ ಹೆಚ್ಚಿನ ಕೆಲಸ ದೊರೆಯುತ್ತದೆ; ಆದರೆ ಸಿಲಿಂಡರಿನೊಳಗಣ ಉಷ್ಣತೆಯೂ ಏರಿ, ಗಾಳಿಯ ಸಾರಜನಕವು ಆಮ್ಲಜನಕದೊಡನೆ ಕೂಡಿ, ಶ್ವಾಸಕೋಶಕ್ಕೆ ಹಾನಿಕರವಾದ ನೈಟ್ರೋಜನ್ ಆಕ್ಸೈಡುಗಳು ಉಂಟಾಗುತ್ತವೆ. ಇವುಗಳನ್ನು ತಗ್ಗಿಸುವುದಕ್ಕಾಗಿಯೇ ತಯಾರಕರು ಸಿಂಪಡಿಕೆಯನ್ನು ತಡಮಾಡಿ, ಇಜಿಆರ್ ಮೂಲಕ ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಕಳುಹಿಸಿ, ತಿಳಿದೂ ತಿಳಿದೂ ಒಂದಿಷ್ಟು ಮೈಲೇಜನ್ನು ಬಿಟ್ಟುಕೊಟ್ಟಿರುತ್ತಾರೆ. ರೀಮ್ಯಾಪಿನಿಂದ ಗಳಿಸಿದ ಮೈಲೇಜು ಬಹುಮಟ್ಟಿಗೆ ಅಲ್ಲಿಂದಲೇ ಕಿತ್ತು ತಂದದ್ದು. ಬಿಎಸ್-4ರಲ್ಲಿ ಡೀಸೆಲ್ ಕಾರೊಂದು ಕಿಲೋಮೀಟರಿಗೆ 0.25 ಗ್ರಾಂ ನೈಟ್ರೋಜನ್ ಆಕ್ಸೈಡನ್ನು ಬಿಡಬಹುದಾಗಿತ್ತು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಅದನ್ನು 0.08ಕ್ಕೆ ಇಳಿಸಿತು. ಆ ಇಳಿಕೆಯನ್ನು ಲ್ಯಾಪ್‌ಟಾಪ್ ಹಿಡಿದವನೊಬ್ಬ ಒಂದು ಮಧ್ಯಾಹ್ನದಲ್ಲಿ ವ್ಯರ್ಥಗೊಳಿಸಬಲ್ಲನು. ನಮ್ಮ ಎಮಿಷನ್ ಟೆಸ್ಟಿನ ಕೇಂದ್ರಗಳು ಡೀಸೆಲ್ ಕಾರಿನಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಕಣ್ಣಿಗೆ ಕಾಣದ ಈ ಅನಿಲವನ್ನು ಅವು ಅಳೆಯುವುದೇ ಇಲ್ಲ. ಆದ್ದರಿಂದ ಸರ್ಟಿಫಿಕೇಟು ಸಿಕ್ಕಿತೆನ್ನುವುದು ಉತ್ತರವಾಗದು.

2015ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆಯ ವೇಳೆ ಒಂದು ಬಗೆಯಾಗಿಯೂ ರಸ್ತೆಯ ಮೇಲೆ ಬೇರೊಂದು ಬಗೆಯಾಗಿಯೂ ನಡೆಯುವ ತಂತ್ರಾಂಶವಿದ್ದುದು ಬಯಲಾದಾಗ ಲೋಕವೆಲ್ಲ ಕ್ರುದ್ಧವಾಯಿತು. ಭಾರತದಲ್ಲಿಯೇ 3,23,700 ಕಾರುಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯಬೇಕಾಯಿತು. ಸಂಸ್ಥೆಯೊಂದು ಒಟ್ಟಾಗಿ ಮಾಡಿದಾಗ ವಂಚನೆಯೆಂದು ಖಂಡಿಸಿದ ಫಲವನ್ನು, ನಾವು ಬಿಡಿಬಿಡಿಯಾಗಿ ಹಣ ಕೊಟ್ಟು ಮಾಡಿಸಿಕೊಂಡಾಗ ಸ್ವಾತಂತ್ರ್ಯವೆಂದು ಕರೆಯುವುದು ಸಲ್ಲದು.

ತಿದ್ದಿದ ಕಾರು ಓಡಿಸಲು ಹಿತವೆಂಬುದನ್ನೂ, ಕಂಪನಿಗಳು ಬೆಲೆಯ ತಾರತಮ್ಯಕ್ಕಾಗಿ ಕೆಲವೊಮ್ಮೆ ಬಲವನ್ನು ಬಿಗಿಹಿಡಿಯುತ್ತವೆಂಬುದನ್ನೂ ಒಡಂಬಡಲು ನನಗೆ ಅಡ್ಡಿಯಿಲ್ಲ. ತಯಾರಕರೇ ಹೊಸ ಮ್ಯಾಪನ್ನು ಪರೀಕ್ಷೆಗೊಳಪಡಿಸಿ, ಪ್ರಮಾಣೀಕರಿಸಿ, ಆರ್‌ಸಿಯಲ್ಲಿ ನಮೂದಿಸಿ ಮಾರುವುದಾದರೆ ನನ್ನ ವಿರೋಧ ಅಂದೇ ಮುಗಿಯುತ್ತದೆ. ಅಂಥ ವ್ಯವಸ್ಥೆ ಬರುವವರೆಗೆ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಮೈಲೇಜು ಬೇಕಾದವರು ಏರ್ ಫಿಲ್ಟರನ್ನು ಬದಲಿಸಿ, ಇಂಜೆಕ್ಟರುಗಳನ್ನು ತಪಾಸಣೆ ಮಾಡಿಸಿ, ಟೈರಿನ ಗಾಳಿಯನ್ನು ಸರಿಯಾಗಿ ಇಟ್ಟುಕೊಳ್ಳಿ, ಹೆಚ್ಚಿನ ಶಕ್ತಿ ಬೇಕಾದವರು ಹೆಚ್ಚಿನ ಶಕ್ತಿಯ ಕಾರನ್ನೇ ಕೊಳ್ಳಿ.