ಘಟಕ ಕೆಟ್ಟ ದಿನ ಸಂಶೋಧನೆ ಶುರುವಾಗಲಿ

ಕರ್ನಾಟಕ ಸರ್ಕಾರದ ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಿಂದ ಹಿಡಿದು ಕೊಪ್ಪಳ, ರಾಯಚೂರಿನವರೆಗೆ ಬಯಲುಸೀಮೆಯ ಹಳ್ಳಿಗಳಲ್ಲಿ ಈಗ ತಗಡಿನ ಒಂದು ಪುಟ್ಟ ಕೋಣೆ ಮಾಮೂಲಿ ನೋಟ. ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಬರಹ, ಪಕ್ಕದಲ್ಲಿ ಉದ್ಘಾಟಿಸಿದವರ ಹೆಸರು, ಕೆಳಗೆ ನಾಣ್ಯ ಹಾಕುವ ಸೀಳು. ನಾಣ್ಯ ಬಿದ್ದರೆ 20 ಲೀಟರಿನ ಕ್ಯಾನು ತುಂಬುತ್ತದೆ. ರಾಜ್ಯದಲ್ಲಿ ಇಂಥ ಘಟಕಗಳು ಸಾವಿರಾರು ಇವೆ. ಅವುಗಳಲ್ಲಿ ಎಷ್ಟೋ ಕಡೆ ನಾಣ್ಯದ ಸೀಳಿಗೆ ತುಕ್ಕು ಹಿಡಿದಿದೆ, ಬಾಗಿಲಿಗೆ ಬೀಗ ಬಿದ್ದಿದೆ. ವಿಧಾನಮಂಡಲದಲ್ಲಿ ಈ ಕುರಿತು ಪ್ರಶ್ನೆ ಏಳುವುದು, ಉತ್ತರ ಸಿಗುವುದು, ಮತ್ತೆ ಬೇಸಿಗೆ ಬರುವುದು, ಇವು ವಾಡಿಕೆಯಾಗಿ ಹೋಗಿವೆ. ಘಟಕ ಕೆಟ್ಟರೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಗೆ ಬರೆಯಬೇಕು, ಉನ್ನತ ಶಿಕ್ಷಣ ಸಚಿವರಿಗೇಕೆ ಎಂದು ತಾವು ಕೇಳಬಹುದು. ರಿಪೇರಿ ಮಾಡಿಸಿಕೊಡಿ ಎಂದು ಕೇಳುವುದಕ್ಕಾದರೆ ಆ ಇಲಾಖೆಗೇ ಬರೆಯುತ್ತಿದ್ದೆ. ನನ್ನ ವಾದ ಬೇರೆ: ಕೆಟ್ಟು ನಿಂತ ಆ ಘಟಕ ನಮ್ಮ ವಿಶ್ವವಿದ್ಯಾಲಯಗಳ ಮುಂದಿರುವ ಅತ್ಯಂತ ಗಟ್ಟಿಯಾದ ಸಂಶೋಧನೆಯ ಪ್ರಶ್ನೆ, ಮತ್ತು ಅದನ್ನು ತನ್ನದೆಂದು ಹೇಳಿಕೊಳ್ಳುವ ವಿಭಾಗ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಲ್ಲ.

ಮೊದಲು ನೀರಿನ ವಿಷಯಕ್ಕೇ ಬರೋಣ. ನಮ್ಮ ಬಯಲುಸೀಮೆ ನಿಂತಿರುವುದು ಗ್ರಾನೈಟು ಮತ್ತು ನೈಸ್ ಶಿಲೆಗಳ ಮೇಲೆ. ಆ ಶಿಲೆಗಳೊಳಗಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ಕೂತಷ್ಟೂ, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚಿ ಸುಣ್ಣದ ಅಂಶ ಕಡಿಮೆಯಾದಷ್ಟೂ ಫ್ಲೋರೈಡ್ ಕರಗಿ ಬರುತ್ತದೆ. ಬಾವಿ ಬತ್ತಿ ಕೊಳವೆಬಾವಿ ಸಾವಿರ ಅಡಿಗೆ ಇಳಿದಲ್ಲೆಲ್ಲ ಜನ ಕುಡಿಯುವುದು ಇಂಥ ಹಳೆಯ ನೀರನ್ನೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹ್ಯ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಕೀಲು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಹಾಗೆ ಬಾಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಮದ್ದಿಲ್ಲ. ಹಳ್ಳಿಯಲ್ಲಿ ನೀರಿನ ಗುಣ ನೋಡಲು ಸಾಮಾನ್ಯವಾಗಿ ಬಳಕೆಯಲ್ಲಿರುವುದು ಪೆನ್ನಿನ ಆಕಾರದ ಟಿಡಿಎಸ್ ಮೀಟರ್. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಅದು ಅಂದಾಜು ಮಾಡುತ್ತದೆ. ಆದರೆ ಲೀಟರಿಗೆ 400 ಮಿಲಿಗ್ರಾಂ ಲವಣವಿರುವ ನೀರು ಆ ಮೀಟರಿನ ಕಣ್ಣಿಗೆ ಸೊಗಸಾದ ನೀರೇ. ಆ 400ರಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇದೆಯೋ 3 ಮಿಲಿಗ್ರಾಂ ಇದೆಯೋ ಅದಕ್ಕೆ ತಿಳಿಯದು. ಅದನ್ನು ತಿಳಿಯಲು ಬೇರೆ ಪರೀಕ್ಷೆ ಬೇಕು: ಸಣ್ಣ ಸೀಸೆಯ ನೀರಿಗೆ ಜಿರ್ಕೋನಿಯಂ ಬಣ್ಣದ ಕೆಲವು ಹನಿ ಬಿಟ್ಟು, ನಸುಗೆಂಪು ಹಳದಿಯತ್ತ ಎಷ್ಟು ತಿರುಗಿತೆಂದು ಪಟ್ಟಿಯ ಪಕ್ಕ ಹಿಡಿದು ನೋಡುವ ಪರೀಕ್ಷೆ. ಎರಡನೆಯ ವರ್ಷದ ಕೆಮಿಸ್ಟ್ರಿ ವಿದ್ಯಾರ್ಥಿ ಮಾಡಬಲ್ಲ ಕೆಲಸ ಇದು.

ಫ್ಲೋರೈಡ್ ತೆಗೆಯುವ ವಿದ್ಯೆ ನಮ್ಮಲ್ಲಿ ಇಲ್ಲದೇ ಇಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲೇ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸುವ ‘ನಲ್ಗೊಂಡ ವಿಧಾನ’ವನ್ನು ರೂಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರುಗಳು ಮೆಗ್ನೀಷಿಯಂ ಆಕ್ಸೈಡಿನಿಂದ ಮನೆಮಟ್ಟದ ವಿಧಾನವೊಂದನ್ನು ತಂದರು. ಆಮೇಲೆ ರಿವರ್ಸ್ ಆಸ್ಮೋಸಿಸ್ (ಆರ್‌ಒ) ಬಂತು. ಮೂರೂ ಪ್ರಯೋಗಾಲಯದಲ್ಲಿ ಗೆದ್ದವೇ. ಆದರೆ ಪಟಿಕ ಎಷ್ಟು ಹಾಕಬೇಕೆಂಬುದು ಆಯಾ ಊರಿನ ನೀರಿನ ಫ್ಲೋರೈಡ್ ಮತ್ತು ಕ್ಷಾರಗುಣದ ಮೇಲೆ ನಿಂತಿದೆ. ಕಡಿಮೆಯಾದರೆ ಫ್ಲೋರೈಡ್ ಉಳಿಯುತ್ತದೆ, ಹೆಚ್ಚಾದರೆ ಅಲ್ಯುಮಿನಿಯಂ ಉಳಿಯುತ್ತದೆ, ಮತ್ತು ದಿನವೂ ಕೆಸರು ತೆಗೆಯುವವರು ಬೇಕು. ಮೆಗ್ನೀಷಿಯಂ ಆಕ್ಸೈಡ್ ನೀರಿನ ಕ್ಷಾರವನ್ನು ಏರಿಸುತ್ತದೆ. ಅದನ್ನು ಇಳಿಸಲು ಇನ್ನೊಂದು ರಾಸಾಯನಿಕವನ್ನು ಅಳೆದು ಬೆರೆಸಬೇಕು. ಆರ್‌ಒ ಪೊರೆಗೆ ಗಡಸು ನೀರು ಶತ್ರು: ಸುಣ್ಣ ಕಟ್ಟಿಕೊಂಡು ಪೊರೆ ಉಸಿರುಗಟ್ಟುತ್ತದೆ, ವೋಲ್ಟೇಜ್ ಏರಿಳಿತಕ್ಕೆ ಪಂಪು ಸುಡುತ್ತದೆ, ಹೊರಬಿದ್ದ ಉಪ್ಪುನೀರು ಫ್ಲೋರೈಡನ್ನು ಹೊತ್ತು ಚರಂಡಿಗೆ ಹರಿದು ಅದೇ ನೆಲಕ್ಕೆ ಇಂಗುತ್ತದೆ. ಮೂರೂ ಎಡವಿದ್ದು ಒಂದೇ ಕಲ್ಲಿಗೆ: ತಯಾರಿಸಿದವರು ಊರು ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು, ಕೆಟ್ಟದ್ದು ಏಕೆ ಎಂದು ಬರೆದಿಡುವವರು ಯಾರು?

ಇಂದಿನ ಸಂಶೋಧನೆಯೂ ಹುರುಪಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ವಿಭಾಗ 2024ರಲ್ಲಿ ಪ್ರಕಟಿಸಿದ ಹೈಡ್ರೊಜೆಲ್, ನೀರಿನಲ್ಲಿನ ಮೈಕ್ರೊಪ್ಲಾಸ್ಟಿಕ್‌ನ ಎರಡು ಬಗೆಗಳಲ್ಲಿ ಸುಮಾರು ಶೇಕಡಾ 95 ಮತ್ತು 93ರಷ್ಟನ್ನು ಹೀರಿಕೊಂಡಿತು. ಐದು ಸಲ ಮರುಬಳಕೆ ಮಾಡಿದರೂ ಅದರ ಶಕ್ತಿ ಹೆಚ್ಚು ಕುಂದಲಿಲ್ಲ. ಅದೇ ಸಂಸ್ಥೆಯ ಮತ್ತೊಂದು ತಂಡ ಆರ್ಸೆನಿಕ್ ತೆಗೆಯುವುದರ ಜೊತೆಗೆ, ತೆಗೆದ ವಿಷವನ್ನು ಏನು ಮಾಡಬೇಕೆಂಬುದನ್ನೂ ಯೋಚಿಸಿ ಸಗಣಿಯಲ್ಲಿನ ಸೂಕ್ಷ್ಮಜೀವಿಗಳನ್ನು ಆ ಕೆಲಸಕ್ಕೆ ಹಚ್ಚಿದೆ. ಮದ್ರಾಸಿನ ಐಐಟಿಯಲ್ಲಿ ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ಸೂಕ್ಷ್ಮಕಣಗಳಿಂದ ಮಾಡಿದ ಆರ್ಸೆನಿಕ್ ಶೋಧಕ ಪಶ್ಚಿಮ ಬಂಗಾಳದ ಹಳ್ಳಿಗಳಿಗೆ ತಲುಪಿದೆ. ಇವು ಹೆಮ್ಮೆಯ ಸಂಗತಿಗಳು. ಆದರೆ ಐದು ಸಲದ ಮರುಬಳಕೆಯಿಂದ ಐದು ವರ್ಷದ ಬಳಕೆಗೆ ಹೋಗುವ ದಾರಿಯನ್ನು ಒಂದೆರಡು ತಂಡಗಳ ಹಟದ ಮೇಲೆ ಬಿಟ್ಟುಬಿಟ್ಟಿದ್ದೇವೆ. ನಮ್ಮ ಅಧ್ಯಾಪಕರನ್ನು ಅಳೆಯುವ ಅಂಕಪಟ್ಟಿಯನ್ನೇ ನೋಡಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಅಧ್ಯಾಪಕರಿಗೆ ಒಂದು ಸಂಶೋಧನ ಲೇಖನಕ್ಕೆ 8 ಅಂಕ, ರಾಷ್ಟ್ರೀಯ ಪೇಟೆಂಟಿಗೆ 7. ಒಂದು ಹಳ್ಳಿಯ ಶೋಧಕವನ್ನು ಆರು ವರ್ಷ ಬೆನ್ನುಹತ್ತಿ, ಅದು ಮೂರು ಸಲ ಏಕೆ ಕೆಟ್ಟಿತೆಂದು ಪತ್ತೆಹಚ್ಚಿದ ಅಧ್ಯಾಪಕಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. 2023–24ರಲ್ಲಿ ದೇಶ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟುಗಳನ್ನು ನೀಡಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಅವುಗಳಲ್ಲಿ ಎಷ್ಟು ಊರಿಗೆ ಇಳಿದವು ಎಂದು ಎಣಿಸಲು ನಾವು ಹೋಗುವುದಿಲ್ಲ.

ಹೀಗೇ ಆಗಬೇಕೆಂದೇನೂ ಇಲ್ಲ; ಬೇರೆ ದಾರಿ ತೋರಿಸಿದವರು ನಮ್ಮಲ್ಲೇ ಇದ್ದರು. 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅಡುಗೆಗೆಂದು ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಹಾಕಿದರು. ಊರಿನ ಸಗಣಿಯಿಂದ ಎಲ್ಲರ ಒಲೆಗೆ ಸಾಕಾಗುವಷ್ಟು ಅನಿಲ ಬರಲಿಲ್ಲ, ಯೋಜನೆ ಸೋತಿತು. ಸಾಮಾನ್ಯವಾಗಿ ಇಲ್ಲಿಗೆ ವರದಿ ಮುಗಿಯುತ್ತದೆ, ಬೀಗ ಬೀಳುತ್ತದೆ. ಪುರದಲ್ಲಿ ಆ ಸೋಲೇ ಮುಂದಿನ ಪ್ರಶ್ನೆಯಾಯಿತು. ಊರವರಿಗೆ ಮೊದಲು ಬೇಕಾಗಿದ್ದುದು ಅಡುಗೆಯ ಅನಿಲವಲ್ಲ, ಕುಡಿಯುವ ನೀರು ಎಂಬುದು ಗೊತ್ತಾಯಿತು. ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಮಾಡಿ, ಕೊಳವೆಬಾವಿಯ ನೀರೆತ್ತಿ ಮನೆಗಳಿಗೆ ಕೊಡುವ, ದೀಪ ಹಚ್ಚುವ ವ್ಯವಸ್ಥೆ 1987ರಿಂದ ನಡೆಯಿತು. ಸಗಣಿ ತಂದವರಿಗೆ ತಂದದ್ದಕ್ಕೆ ಹಣ, ಹೊರಬಂದ ರಾಡಿ ಗೊಬ್ಬರವಾಗಿ ವಾಪಸು, ಸ್ಥಾವರ ನಡೆಸಲು ಊರಿನದೇ ಹುಡುಗರು. ಯಂತ್ರದ ಲೆಕ್ಕದಷ್ಟೇ ಶ್ರದ್ಧೆಯಿಂದ ಊರಿನ ಲೆಕ್ಕವನ್ನೂ ಬರೆದಿಟ್ಟಿದ್ದರಿಂದ ಪುರದ ಅನುಭವ ಇಂದಿಗೂ ಓದಲು ಸಿಗುವ ಸಂಶೋಧನೆಯಾಗಿ ಉಳಿದಿದೆ. ವರ್ಷಗಟ್ಟಲೆ ಒಂದೇ ಊರಿನ ಜೊತೆಗಿರಲು ಒಂದು ವಿಭಾಗಕ್ಕೆ ಅನುಮತಿ, ಹಣ ಮತ್ತು ಮರ್ಯಾದೆ ಮೂರೂ ಇದ್ದುದರಿಂದ ಅದು ಸಾಧ್ಯವಾಯಿತು.

ಆದ್ದರಿಂದ ನನ್ನ ಕೋರಿಕೆ ಇದು. ಫ್ಲೋರೈಡ್ ಇರುವ ಪ್ರತಿ ತಾಲ್ಲೂಕಿನ ಕುಡಿಯುವ ನೀರಿನ ಮೂಲಗಳು ಮತ್ತು ಘಟಕಗಳ ದಾಖಲೆಯನ್ನು ಹತ್ತಿರದ ಒಂದು ಎಂಜಿನಿಯರಿಂಗ್ ಅಥವಾ ವಿಜ್ಞಾನ ಕಾಲೇಜಿನ ಸುಪರ್ದಿಗೆ ಹತ್ತು ವರ್ಷಕ್ಕೆ ಒಪ್ಪಿಸಿ. ನಡೆಸುವ ಹೊಣೆ ಪಂಚಾಯಿತಿ, ಇಲಾಖೆ, ಗುತ್ತಿಗೆದಾರರದ್ದೇ ಇರಲಿ. ಕಾಲೇಜಿನ ಕೆಲಸ ಅಳೆಯುವುದು, ಬರೆಯುವುದು, ಕಾರಣ ಹುಡುಕುವುದು: ಒಳಬರುವ ನೀರಿನಲ್ಲಿ ಫ್ಲೋರೈಡ್ ಎಷ್ಟು, ಹೊರಹೋಗುವುದರಲ್ಲಿ ಎಷ್ಟು, ಪೊರೆ ಯಾವ ತಿಂಗಳು ಕಟ್ಟಿತು, ಪಂಪು ಏಕೆ ಸುಟ್ಟಿತು, ಎಷ್ಟು ದಿನ ಬಾಗಿಲು ಮುಚ್ಚಿತ್ತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳು ರಾಜ್ಯದುದ್ದಕ್ಕೂ ಹರಡಿವೆ. ಇಂಥ ಜಾಲ ಕೈಯಲ್ಲಿರುವಾಗ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಿದೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಸಿದ್ಧ ರೂಪದಲ್ಲಿ ಕೊಂಡು ತರುವ ಪರಿಪಾಟ ಎಲ್ಲರಿಗೂ ಗೊತ್ತಿರುವುದೇ. ತನ್ನ ತಾಲ್ಲೂಕಿನ ಹನ್ನೊಂದು ಘಟಕಗಳಲ್ಲಿ ನಾಲ್ಕು ಏಕೆ ನಿಂತಿವೆ ಎಂಬ ಪ್ರಶ್ನೆಗೆ ಉತ್ತರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇಂಥ ದಾಖಲೆಯ ಬೆಲೆ ಏನೆಂದು ಕೆ.ಸಿ. ವ್ಯಾಲಿ ಯೋಜನೆ ತೋರಿಸಿದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಷ್ಟು ಕೋಲಾರದ ಕಡೆಯ 126 ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದ ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿತು. ಎರಡನೆಯ ಹಂತದ ಸಂಸ್ಕರಣೆ ಸಾಕೇ, ಮೂರನೆಯ ಹಂತ ಬೇಕೇ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಅಂತರ್ಜಲ ಏರಿದ್ದನ್ನು ವಿಜ್ಞಾನ ಸಂಸ್ಥೆಯವರು ಅಳೆದು ತೋರಿಸಿದರು. ಏರಿದ ನೀರಿನ ಗುಣದ ಬಗ್ಗೆ ರೈತರಿಗೆ ಶಂಕೆ ಉಳಿಯಿತು. ನೀರು ಬಿಡುವ ಮೊದಲಿನಿಂದಲೇ ಕೋಲಾರದ ಕಾಲೇಜುಗಳು ಪ್ರತಿ ಕೆರೆಯ, ಸುತ್ತಲಿನ ಕೊಳವೆಬಾವಿಗಳ ಲೆಕ್ಕವನ್ನು ತಿಂಗಳು ತಿಂಗಳು ಬರೆದು ಕನ್ನಡದಲ್ಲಿ ಪ್ರಕಟಿಸಿದ್ದರೆ ಜಗಳ ಇರುತ್ತಿರಲಿಲ್ಲ ಎನ್ನಲಾರೆ. ಆದರೆ ಎರಡೂ ಕಡೆಯವರು ಒಂದೇ ಅಂಕಿಯನ್ನು ಮುಂದಿಟ್ಟುಕೊಂಡು ಜಗಳವಾಡಬಹುದಿತ್ತು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ವಿಶ್ವವಿದ್ಯಾಲಯವನ್ನು ರಿಪೇರಿ ಅಂಗಡಿ ಮಾಡಿದರೆ ಮೂಲವಿಜ್ಞಾನ ಸಾಯುತ್ತದೆ ಎನ್ನುವವರಿದ್ದಾರೆ. ಆ ಭಯ ನ್ಯಾಯವಾದದ್ದು. ಹೈಡ್ರೊಜೆಲ್ ಮಾಡಿದವರನ್ನು ನಾಳೆಯೇ ಪಾವಗಡದಲ್ಲಿ ಬಿಂದಿಗೆ ತುಂಬಿಸಿ ತೋರಿಸಿ ಎಂದು ಕೇಳುವುದು ಮೂರ್ಖತನ. ನಾನು ಕೇಳುತ್ತಿರುವುದು ಇನ್ನೊಂದು ದಾರಿಯನ್ನು, ಇದ್ದ ದಾರಿಯನ್ನು ಮುಚ್ಚುವುದನ್ನಲ್ಲ. ಅದೂ ಅಲ್ಲದೆ ಪೊರೆ ಕಟ್ಟಿಕೊಳ್ಳುವುದು ರಿಪೇರಿಯ ವಿಷಯವಷ್ಟೇ ಅಲ್ಲ, ಮೆಟೀರಿಯಲ್ಸ್ ವಿಜ್ಞಾನದ ಜೀವಂತ ಪ್ರಶ್ನೆ. ನಮ್ಮ ಗಡಸು ನೀರಿನಲ್ಲಿ ಅದು ಹೇಗೆ ಕಟ್ಟುತ್ತದೆ ಎಂಬ ಹತ್ತು ವರ್ಷದ ಅಂಕಿಅಂಶ ಸಿಕ್ಕರೆ ಹೊಸ ಪೊರೆ ಮಾಡುವವರಿಗೇ ಮೊದಲ ಲಾಭ. ನದಿ ನೀರು ಬರುತ್ತಿದೆ, ತುಂಗಭದ್ರೆಯ ಹಿನ್ನೀರು ಪಾವಗಡದ ಕಡೆ ಹರಿಯುವಾಗ ಈ ಘಟಕಗಳ ಗೊಡವೆ ಏಕೆ ಎಂಬುದು ಎರಡನೆಯ ಆಕ್ಷೇಪ. ನದಿ ನೀರೇ ಒಳ್ಳೆಯ ಮದ್ದು, ನಿಜ. ಆದರೆ ನೂರಾರು ಕಿಲೋಮೀಟರಿನ ಕೊಳವೆ ಒಡೆದ ದಿನ, ಕರೆಂಟು ಹೋದ ವಾರ, ಅಣೆಕಟ್ಟು ತಳ ಕಂಡ ಬೇಸಿಗೆಯಲ್ಲಿ ಅದೇ ನಲ್ಲಿಗೆ ಕೊಳವೆಬಾವಿಯ ನೀರು ಸೇರುತ್ತದೆ. ಎಷ್ಟು ಸೇರಿತು ಎಂದು ಅಳೆಯುವವರು ಆಗಲೂ ಬೇಕು.

ಅತ್ಯಂತ ಗಟ್ಟಿಯಾದ ಆಕ್ಷೇಪ ಕಾಲೇಜುಗಳ ಒಳಗಿನಿಂದಲೇ ಬರುತ್ತದೆ. ಹುದ್ದೆಗಳು ಖಾಲಿ ಬಿದ್ದಿವೆ, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಪಾಠ ನಡೆಯುತ್ತಿದೆ, ಪ್ರಯೋಗಾಲಯದಲ್ಲಿ ರಾಸಾಯನಿಕ ಕೊಳ್ಳಲು ಕಾಸಿಲ್ಲ. ಇದರ ಮೇಲೆ ಊರೂರು ಸುತ್ತುವವರು ಯಾರು? ಇದಕ್ಕೆ ನನ್ನಲ್ಲಿ ಜಾಣ ಉತ್ತರವಿಲ್ಲ. ಹುದ್ದೆ ತುಂಬದೆ ಈ ಕೆಲಸ ಹೇರಿದರೆ ಇನ್ನೊಂದು ಸುತ್ತೋಲೆ, ಇನ್ನೊಂದು ಸುಳ್ಳು ವರದಿ ಅಷ್ಟೇ ಹುಟ್ಟುತ್ತವೆ. ಆದ್ದರಿಂದಲೇ ಈ ಪತ್ರ ತಮಗೆ. ಯುಜಿಸಿಯ ಅಂಕಪಟ್ಟಿ ತಮ್ಮ ಕೈಯಲ್ಲಿಲ್ಲ. ರಾಜ್ಯದ ಅನುದಾನ, ಕ್ಷೇತ್ರಕಾರ್ಯಕ್ಕೆ ಬೋಧನಾ ಅವಧಿಯ ವಿನಾಯಿತಿ, ಕಾಯಂ ನೇಮಕಾತಿ ತಮ್ಮ ಸರ್ಕಾರದ ಕೈಯಲ್ಲಿವೆ. ಕೇಂದ್ರದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಮಾತಾಡುತ್ತಿದೆ. ದೊಡ್ಡ ಸಂಸ್ಥೆಗಳ ಜೊತೆ ರಾಜ್ಯದ ವಿಶ್ವವಿದ್ಯಾಲಯಗಳನ್ನು ಜೋಡಿಸುವ ಕಾರ್ಯಕ್ರಮವೂ ಅದರಲ್ಲಿದೆ. ಆ ಪಂಕ್ತಿಯಲ್ಲಿ ಕೂರಲು ನಮ್ಮ ಸಣ್ಣ ಕಾಲೇಜಿನ ಕೈಯಲ್ಲಿ ಯಾರಲ್ಲೂ ಇಲ್ಲದ ಒಂದು ವಸ್ತು ಇರಬೇಕು. ಒಂದು ತಾಲ್ಲೂಕಿನ ನೀರಿನ ಹತ್ತು ವರ್ಷದ ನಂಬಬಹುದಾದ ಲೆಕ್ಕ ಅಂಥ ವಸ್ತು.

ಇಡೀ ರಾಜ್ಯಕ್ಕೆ ಒಂದೇ ಸಲ ಆದೇಶ ಹೊರಡಿಸಿ ಎಂದು ಕೇಳುತ್ತಿಲ್ಲ. ಆರಂಭಶೂರತನ ನಮ್ಮಲ್ಲಿ ಮೊದಲೇ ಸಾಕಷ್ಟಿದೆ. ಒಂದು ತಾಲ್ಲೂಕು, ಒಂದು ಕಾಲೇಜು, ಇಬ್ಬರು ಕಾಯಂ ಅಧ್ಯಾಪಕರು, ಫ್ಲೋರೈಡ್ ಅಳೆಯುವ ಒಂದು ಎಲೆಕ್ಟ್ರೋಡು, ಪಂಚಾಯಿತಿ ಕಚೇರಿಯ ಗೋಡೆಗೆ ತಿಂಗಳಿಗೊಮ್ಮೆ ಅಂಟಿಸುವ ಒಂದು ಹಾಳೆ. ಆ ಹಾಳೆಯಲ್ಲಿ ಊರಿನ ಘಟಕ ಎಷ್ಟು ದಿನ ನಡೆಯಿತು, ಎಷ್ಟು ದಿನ ನಿಂತಿತು, ನಿಂತದ್ದು ಏಕೆ ಎಂಬ ಮೂರೇ ಸಾಲು ಇರಲಿ. ಮೂರನೆಯ ಸಾಲನ್ನು ಪ್ರಾಮಾಣಿಕವಾಗಿ ತುಂಬಿದ ಅಧ್ಯಾಪಕರಿಗೆ ಬಡ್ತಿ ಸಿಗುವಂತಾದರೆ ತಮ್ಮ ಇಲಾಖೆ ತನ್ನ ಪಾಲಿನ ಕೆಲಸ ಮಾಡಿತೆಂದು ಲೆಕ್ಕ.

ಗೌರವಪೂರ್ವಕವಾಗಿ,
ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ