‘ಝೀರೋ ರಿಸ್ಕ್’ ಯಾರಿಗೆ?

ಮರಿಯಮ್ಮನಹಳ್ಳಿಯನ್ನು ಹಾದುಹೋಗುವ ಹೆದ್ದಾರಿಯಲ್ಲಿ ಅದಿರು ಲಾರಿಗಳ ಸಾಲು ಹಗಲಿರುಳೆನ್ನದೆ ಸಾಗುತ್ತಿದ್ದ ಕಾಲವನ್ನು ಆ ಭಾಗದ ಜನ ಮರೆತಿರಲಾರರು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದ ಆ ವರ್ಷಗಳಲ್ಲಿ ಬಳ್ಳಾರಿ ಸೀಮೆಯ ವ್ಯವಹಾರದ ಮಾತಿಗೆ ಒಂದು ಇಂಗ್ಲಿಷ್ ನುಡಿಗಟ್ಟು ಸೇರಿಕೊಂಡಿತು: ‘ಝೀರೋ ರಿಸ್ಕ್’. 2011ರ ಜುಲೈ 27ರಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲೂ ಅದು ದಾಖಲಾಗಿದೆ.

ಕೇಳಿದೊಡನೆ ಯಾವುದೋ ವಿಮಾ ಯೋಜನೆಯ ಹೆಸರಿನಂತೆ ತೋರುವ ಈ ಮಾತಿನ ಅರ್ಥ ಇಷ್ಟೆ: ಕೊಡಬೇಕಾದವರಿಗೆ ಹಣ ಕೊಟ್ಟರೆ ಪರವಾನಗಿಯಿಲ್ಲದ ಅದಿರನ್ನು ಯಾರೂ ತಡೆಯುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಕಳ್ಳಸಾಗಣೆ ಎನ್ನುತ್ತಾರೆ. ಕೊಟ್ಟ ಹಣಕ್ಕೆ ಲಂಚ ಎನ್ನುತ್ತಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತದ್ದೇನೆಂದರೆ, ಅಪಾಯವನ್ನು ಹೀಗೆ ದುಡ್ಡು ಕೊಟ್ಟು ಇಲ್ಲವಾಗಿಸಲು ಬರುವುದಿಲ್ಲ. ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಬಹುದು, ಅಷ್ಟೆ. ಸಾಗಿಸುವವನಿಗೆ ಸೊನ್ನೆಯಾದದ್ದು ರಸ್ತೆ ಬದಿಯ ರೈತನ ಪಾಲಿಗೆ ಬೆಳೆಯ ಮೇಲೆ ಕೂತ ಕೆಂಪು ಧೂಳಾಯಿತು; ದ್ವಿಚಕ್ರ ವಾಹನ ಸವಾರನಿಗೆ ಜೀವಭಯವಾಯಿತು. ಇನ್ನು ಬೊಕ್ಕಸ. 2009ರ ಆಗಸ್ಟ್‌ವರೆಗೆ ಅತ್ಯುತ್ತಮ ದರ್ಜೆಯ ಗಟ್ಟಿ ಅದಿರಿಗೂ ರಾಯಧನ ಟನ್ನಿಗೆ 27 ರೂಪಾಯಿ ಮಾತ್ರ. ಸಾವಿರಾರು ರೂಪಾಯಿಗೆ ಮಾರುವ ಸರಕಿನ ಮೇಲೆ ಅದನ್ನೂ ಉಳಿಸಿಕೊಳ್ಳುವ ಹಟ! ರಾಜ್ಯಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮಿಗಿಲೆಂದು ಲೋಕಾಯುಕ್ತ ವರದಿ ಅಂದಾಜಿಸಿತು. ಅದು ಸಲ್ಲಿಕೆಯಾದ ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು.

ದೋಷ ಇಂಗ್ಲಿಷಿನದೆಂದು ನಾನು ಹೇಳುತ್ತಿಲ್ಲ. ‘ವಾಡಿಕೆಯಂತೆ ನಡೆಯುವುದು’ ಎಂಬರ್ಥದ ‘ಮಾಮೂಲು’ ಎಂಬ ಪದ ಅರಬ್ಬಿ ಮೂಲದ್ದು. ಅದು ಲಂಚಕ್ಕೆ ಪರ್ಯಾಯವಾಗಿ ಎಷ್ಟೋ ಕಾಲವಾಯಿತು. ಆದರೆ ಮಾಮೂಲು ಕೊಟ್ಟೆನೆಂದು ಹೇಳುವವನ ದನಿಯಲ್ಲಿ ಕೊಂಚವಾದರೂ ಅಳುಕಿರುತ್ತದೆ. ‘ಝೀರೋ ರಿಸ್ಕ್’, ‘ಸೆಟ್ಟಿಂಗ್’, ‘ಅಡ್ಜಸ್ಟ್‌ಮೆಂಟ್’ ಎನ್ನುವಾಗ ಅದರ ಬದಲು ಜಾಣತನದ ಹೆಮ್ಮೆ ಕೇಳಿಸುತ್ತದೆ. ಕಚೇರಿಯ ಕಡತಗಳೊಳಗೆ ಬದುಕು ಸವೆಸಿದ ನನಗೆ ಇನ್ನೊಂದು ಅಳುಕೂ ಇದೆ. ಲೋಕಾಯುಕ್ತ ವರದಿ ಆ ನುಡಿಗಟ್ಟನ್ನು ಬಿಡಿಸಿ, ಅದರೊಳಗಿನ ವ್ಯವಹಾರವನ್ನು ತೋರಿಸಿತು. ನಾವು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಹೊರಗಿನ ಮಾತು ಒಮ್ಮೆ ಟಿಪ್ಪಣಿಯೊಳಗೆ ನುಸುಳಿತೆಂದರೆ ಮೇಲಿನವರೂ ಅದನ್ನೇ ಬರೆಯುತ್ತಾರೆ, ಅಪರಾಧ ಒಂದು ‘ಪದ್ಧತಿ’ಯಾಗಿಬಿಡುತ್ತದೆ.

ಈಗ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ನಿಗಮವಿದೆ, ಹಣವೂ ಇದೆ. ಆ ಕೆಲಸಗಳನ್ನೂ ‘ಪ್ಯಾಕೇಜ್’ ಎಂದು ಕರೆಯುವುದು ರೂಢಿಯಾಗುತ್ತಿದೆ. ಪ್ಯಾಕೇಜ್ ಎಂದರೆ ಕೊಟ್ಟವರಿಗೆ ಕೃತಜ್ಞರಾಗಿರಬೇಕಾಗುತ್ತದೆ. ಸಂಡೂರು, ಹೊಸಪೇಟೆ ತಾಲ್ಲೂಕುಗಳ ಹಳ್ಳಿಗಳಿಗೆ ಸಲ್ಲಬೇಕಾದುದು ಹಾನಿಯ ಪರಿಹಾರ. ಗ್ರಾಮಸಭೆಗಳ ನಡವಳಿಯಲ್ಲಿ ಆ ಮಾತನ್ನೇ ಬರೆಸಲಿ.