ಕಂಬಕ್ಕೆ ಬೇಲಿ, ಬಳೆಗಾರ್ತಿಗೆ ನೋಟೀಸು

ಗಾದಿಗನೂರು ಎಂದರೆ ಬೆಂಗಳೂರಿನವರಿಗೆ ತಿಳಿಯುವುದಿಲ್ಲ. ಹೊಸಪೇಟೆಯಿಂದ ಬಳ್ಳಾರಿಗೆ ಹೊರಟ ರೈಲು ತೋರಣಗಲ್ಲು ಮುಟ್ಟುವ ಮುಂಚೆ ಸಿಗುವ ಸಣ್ಣ ಸ್ಟೇಷನ್ನು ಎಂದರೂ ತಿಳಿಯುವುದಿಲ್ಲ. ಹಂಪಿಯ ಹತ್ತಿರ ಎಂದುಬಿಟ್ಟರೆ ಮಾತ್ರ ಮುಖ ಅರಳುತ್ತದೆ. ‘ಅಯ್ಯೋ, ಎಷ್ಟು ಪುಣ್ಯವಂತರು ನೀವು!’ ಎನ್ನುತ್ತಾರೆ. ಮರುಮಾತೇ, ‘ಡಿಸೆಂಬರ್ ರಜಕ್ಕೆ ಬರ್ತೀವಿ ಹಾಗಾದ್ರೆ.’ ಹೀಗೆ ಬಂದವರಿಗೆಲ್ಲ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಕಲ್ಲಿನ ರಥ, ಕಮಲ ಮಹಲು, ರಾಣಿಯರ ಸ್ನಾನದ ಮನೆ ಎಂದು ಬಿಸಿಲಲ್ಲಿ ಸುತ್ತಿಸಿದವಳು ನಾನು. ಮೂವತ್ತು ವರ್ಷದಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಈಗೀಗ ವಿರೂಪಾಕ್ಷನ ಗುಡಿಯ ಮುಂದೆ ನಿಂತು ಆ ಉದ್ದನೆಯ ಖಾಲಿ ಬೀದಿ ನೋಡಿದರೆ ಪುಣ್ಯದ ಬದಲು ಸಿಟ್ಟು ಬರುತ್ತದೆ.

ಆ ಬೀದಿಯ ಹೆಸರು ಹಂಪಿ ಬಜಾರ್. ಅಲ್ಲೀಗ ಬಜಾರೂ ಇಲ್ಲ, ಬಾಳೂ ಇಲ್ಲ.

ನನ್ನ ಚಿಗವ್ವ ಅಲ್ಲಿ ಬಳೆ, ಕುಂಕುಮ, ತೆಂಗಿನಕಾಯಿ ಮಾರುತ್ತಿದ್ದಳು. ಸಾಲುಮಂಟಪದ ಎರಡು ಕಂಬಗಳ ನಡುವಿನ ಜಾಗವೇ ಅವಳ ಅಂಗಡಿ. ಅದರ ಹಿಂದೆ ಒಂದು ಸಣ್ಣ ಕೋಣೆ, ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಸಣ್ಣವಳಿದ್ದಾಗ ಜಾತ್ರೆಗೆ ಹೋದರೆ ನಮ್ಮ ವಸ್ತಿ ಅಲ್ಲಿಯೇ. ಚೈತ್ರದ ತೇರು ಎಳೆಯುವುದನ್ನು ಆ ಮಂಟಪದ ಕಟ್ಟೆಯ ಮೇಲೆ ನಿಂತು ನೋಡಿದ್ದೇನೆ. ರಾತ್ರಿ ಕಲ್ಲು ಬಿಸಿ ಬಿಡುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಚಿಗವ್ವ ಬೀಸಣಿಗೆ ಬೀಸುತ್ತ, ‘ರಾಯರ ಕಾಲದ ಬಿಸಿಲವ್ವ ಇದು, ಇನ್ನೂ ಆರಿಲ್ಲ’ ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಕಂಬದ ಬುಡಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಕಂಬದಲ್ಲಿದ್ದ ಹನುಮಪ್ಪನಿಗೆ ಕುಂಕುಮವಿಟ್ಟೇ ಅಂಗಡಿ ತೆಗೆಯುವುದು. ಆ ಹನುಮಪ್ಪ ಯಾವ ಶತಮಾನದವನೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೂ ಕಂಡಿರಲಿಲ್ಲ.

2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್ ಬಂತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಅದಕ್ಕೂ ಮೊದಲು ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದರಂತೆ. ಖಾಲಿ ಮಾಡಿ ಎಂದು ಹೇಳಿದ್ದಕ್ಕೂ ಒಡೆದದ್ದಕ್ಕೂ ನಡುವೆ ಚಿಗವ್ವನಿಗೆ ಸಿಕ್ಕ ಸಮಯದಲ್ಲಿ ಅವಳು ಹೊರಗೆ ತಂದದ್ದು ಒಂದು ಟ್ರಂಕು, ಎರಡು ಕೊಡ, ಬಳೆಯ ಮಲಾರ. ಒಲೆಯ ಮೇಲೆ ಇಟ್ಟ ಅನ್ನ ಒಳಗೇ ಉಳಿಯಿತು. ಪ್ಲಾಟು ಕೊಡುತ್ತೇವೆ ಎಂದು ಕಡ್ಡಿರಾಂಪುರದ ಕಡೆ ತೋರಿಸಿದರು. ಅದಕ್ಕೆ ಜನ ವರ್ಷಗಟ್ಟಲೆ ಅಲೆದರು.

ನನಗೆ ಗೊತ್ತು, ಇಷ್ಟು ಓದಿದ ಕೂಡಲೇ ನಿಮ್ಮಲ್ಲಿ ಕೆಲವರು ‘ಆದರೂ ಅವರು ಒತ್ತುವರಿ ಮಾಡಿದ್ದು ಸರಿಯೇ?’ ಎಂದು ಕೇಳುತ್ತೀರಿ. ನನ್ನ ಮನೆಯವರೂ ಅದನ್ನೇ ಕೇಳಿದರು. ಸರಿಯಲ್ಲ. ಕಂಬದಿಂದ ಕಂಬಕ್ಕೆ ಸಿಮೆಂಟಿನ ಗೋಡೆ ಎಬ್ಬಿಸಿದ್ದನ್ನು ನಾನೇ ಕಂಡಿದ್ದೇನೆ. ಷಟರ್ ಹಾಕಲು ಕಲ್ಲಿಗೆ ಮೊಳೆ ಹೊಡೆದಿದ್ದರು, ಹೊಗೆಗೆ ಸೂರು ಕಪ್ಪಗಾಗಿತ್ತು. ದುಡ್ಡಿದ್ದವರು ಮಂಟಪದ ಮೇಲೆ ಮಹಡಿ ಕಟ್ಟಿ ವಿದೇಶಿಗಳಿಗೆ ಕೋಣೆ ಕೊಟ್ಟರು. ಅದನ್ನು ತಡೆಯಬೇಕಿತ್ತು. ಮೊದಲ ಗೋಡೆ ಎದ್ದ ದಿನವೇ ತಡೆಯಬೇಕಿತ್ತು. ತೆರಿಗೆ ಕಟ್ಟಿಸಿಕೊಂಡು, ಕರೆಂಟು ಕೊಟ್ಟು, ಓಟು ಹಾಕಿಸಿಕೊಂಡು, ತಲೆಮಾರು ಕಳೆದ ಮೇಲೆ ಒಂದು ಬೆಳಿಗ್ಗೆ ಮಹಡಿ ಕಟ್ಟಿದವನಿಗೂ ಬಳೆ ಮಾರುವವಳಿಗೂ ಒಂದೇ ಬುಲ್ಡೋಜರ್ ಹಾಯಿಸುವುದು ಯಾವ ಸಂರಕ್ಷಣೆ?

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸ್ ಇಲ್ಲಿ ಕಂಡದ್ದೇನು? ಅಗಲವಾದ ಬೀದಿಗಳು, ವ್ಯಾಪಾರಿಗಳ ಮನೆಗಳು, ಮುತ್ತು ರತ್ನ, ಬಟ್ಟೆಬರೆ, ಸಂಜೆಯ ಸಂತೆ, ನಿಂಬೆ ಕಿತ್ತಳೆ, ಸೌದೆ ಕೂಡ. ಗೈಡುಗಳು ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಅವನ ಬರಹಕ್ಕೆ ಜೀವ ತುಂಬಿದ್ದು ಮಾರುವವರೂ ಕೊಳ್ಳುವವರೂ. ಇವತ್ತು ಅವನು ಬಂದರೆ ಬರೆಯಲು ಕಂಬ ಎಣಿಸಬೇಕು.

ಆ ಕಂಬಗಳಾದರೂ ಸುಖವಾಗಿವೆಯೇ? 2019ರ ಫೆಬ್ರುವರಿಯಲ್ಲಿ ಆನೆಲಾಯದ ಹಿಂದಿನ ವಿಷ್ಣು ಗುಡಿಯ ಕಂಬಗಳನ್ನು ಹುಡುಗರು ತಳ್ಳಿ ಬೀಳಿಸಿದ ವಿಡಿಯೊ ಊರೆಲ್ಲ ನೋಡಿತು. ತಲಾ 70 ಸಾವಿರ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿಸಿದರು. ಬಂದವರು ಪ್ರವಾಸಿಗಳು, ಹತ್ತಿರದಲ್ಲಿ ‘ಯಾಕಪ್ಪಾ ತಮ್ಮಾ’ ಎಂದು ಗದರುವ ಒಬ್ಬ ಮುದುಕಿಯೂ ಇರಲಿಲ್ಲ. ಜನರನ್ನು ಓಡಿಸಿ ಹದಿಮೂರು ವರ್ಷವಾಗುತ್ತಿರುವಾಗ, 2024ರ ಮೇ ತಿಂಗಳ ಮಳೆಗೆ ಅದೇ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾನು ಹೇಳಲಾರೆ, ನಾನು ಎಂಜಿನಿಯರಲ್ಲ. ಆದರೆ ಒಲೆಯ ಹೊಗೆಯೇ ಕಲ್ಲಿಗೆ ಕಂಟಕ ಎಂದವರು ಆ ದಿನ ಏನೆಂದರು ಎಂದು ಕೇಳುವ ಹಕ್ಕು ನನಗಿದೆ.

ಕಾನೂನಿಗೇನೂ ಕೊರತೆಯಿಲ್ಲ. 1958ರ ಕೇಂದ್ರದ ಕಾಯ್ದೆ ಇದೆ, 1961ರ ರಾಜ್ಯದ ಕಾಯ್ದೆ ಇದೆ. 2010ರ ತಿದ್ದುಪಡಿಯಾದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಸ್ಮಾರಕ ಕೆಡಿಸಿದರೆ ಎರಡು ವರ್ಷ ಜೈಲು, ಒಂದು ಲಕ್ಷದವರೆಗೆ ದಂಡ. ಹಂಪಿಗೆಂದೇ 2002ರಲ್ಲಿ ಬೇರೆ ಕಾಯ್ದೆ ಮಾಡಿದರು, 29 ಹಳ್ಳಿಗಳು ಅದರ ಕೈಕೆಳಗೆ ಬಂದವು. ಆ ಹಳ್ಳಿಗಳ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಒಂದು ಬಚ್ಚಲು ಕಟ್ಟಬೇಕಾದರೂ ‘ಪರ್ಮಿಶನ್ ಬೇಕಂತವ್ವ’ ಎನ್ನುತ್ತಾರೆ. ಬಯಲಿಗೆ ಹೋಗುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿಲ್ಲ.

ಹೊಳೆಯ ಆಚೆ ಆನೆಗೊಂದಿಯವರದು ಇನ್ನೊಂದು ಕತೆ. ತಳವಾರಘಟ್ಟದಲ್ಲಿ ಸೇತುವೆ ಏಳುತ್ತಿದ್ದಾಗ ಅದರಿಂದ ಹಂಪಿ ಹಾಳಾಗುತ್ತದೆ ಎಂದು 1999ರಲ್ಲಿ ಯುನೆಸ್ಕೋದವರು ಅಪಾಯದ ಪಟ್ಟಿಗೆ ಸೇರಿಸಿದರು, 2006ರಲ್ಲಿ ತೆಗೆದರು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಯವರು ಸತ್ತರು. ಇಷ್ಟು ವರ್ಷ ಬಸುರಿಯರು ಹರಿಗೋಲಿನಲ್ಲಿ ಕೂತು ಹೊಳೆ ದಾಟಿದ್ದು ಯಾವ ಅಪಾಯದ ಪಟ್ಟಿಯಲ್ಲೂ ಬರಲಿಲ್ಲ.

ಇನ್ನು ನಮ್ಮ ಮನೆ ಬಾಗಿಲಿಗೆ ಬರುತ್ತೇನೆ. ಚಿಗವ್ವನ ಒಲೆ ನೂರು ಮೀಟರಿನೊಳಗೆ ಇದ್ದದ್ದು ಅಪರಾಧವಾಗಿದ್ದ ಆ ವರ್ಷಗಳಲ್ಲೇ ನಮ್ಮ ಗಾದಿಗನೂರಿನ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದವು. ಒಣಹಾಕಿದ ಬಿಳಿ ಸೀರೆ ಸಂಜೆಗೆ ಕಾವಿಯಾಗುತ್ತಿತ್ತು. ಹಿಟ್ಟಿನ ಡಬ್ಬಿಯಲ್ಲಿ ಕೆಂಪು ಧೂಳು, ಮಕ್ಕಳ ಮೂಗಿನಲ್ಲಿ ಕೆಂಪು ಧೂಳು. ಸಂಡೂರಿನ ಸ್ವಾಮಿಮಲೆಯಲ್ಲಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ ಇದೆ, ಕುಮಾರಸ್ವಾಮಿ ಇದ್ದಾನೆ. ಅವರ ಸುತ್ತಿನ ಗುಡ್ಡಗಳನ್ನೇ ಅಗೆದು ಹಡಗಿಗೆ ತುಂಬಿದರು. 2006ರಲ್ಲಿ ಆಂಧ್ರದ ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನು ಗಣಿಗಾಗಿ ಸಿಡಿಸಿದರೆಂದು ದೊಡ್ಡ ಗಲಾಟೆಯೇ ಆಯಿತು. ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿದ್ದು 2011ರ ಜುಲೈ ಕೊನೆಗೆ. ಚಿಗವ್ವನ ಅಂಗಡಿ ಉರುಳಿದ ವಾರವೇ! ಗಣಿಗಳು ಎರಡು ವರ್ಷವಾಗುವಷ್ಟರಲ್ಲಿ ಒಂದೊಂದಾಗಿ ಮತ್ತೆ ತೆರೆಯುವ ದಾರಿ ಸಿಕ್ಕಿತು. ಬಜಾರಿಗೆ ಸಿಗಲಿಲ್ಲ. ಗುಡಿಯ ಕಂಬ ಪರಂಪರೆ, ಗುಡಿಯನ್ನು ಹೊತ್ತ ಗುಡ್ಡ ಮಾತ್ರ ಅದಿರು. ಈ ಲೆಕ್ಕ ಯಾವ ಶಾಲೆಯಲ್ಲಿ ಕಲಿಸುತ್ತಾರೋ!

ಮತ್ತೆ ಯಾವುದು ಪರಂಪರೆ ಎಂದು ಗೊತ್ತುಮಾಡುವವರಾದರೂ ಯಾರು? ನಮ್ಮೂರಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಹತ್ತಿರ ಒಂದು ಬೂದಿಗುಡ್ಡ ಇದೆ. ನೀವು ಬಸ್ಸಿನಲ್ಲಿ ನೂರು ಸಲ ದಾಟಿರುತ್ತೀರಿ. ಹಂಪಿಯ ಬಳಿ ನಿಂಬಾಪುರದ ಬೂದಿಯನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಇಂಥ ಗುಡ್ಡಗಳ ಬಗ್ಗೆ ವಿದ್ವಾಂಸರು ನೂರು ವರ್ಷಕ್ಕೂ ಮೇಲ್ಪಟ್ಟು ಜಗಳವಾಡಿದರು. ರೇಮಂಡ್ ಆಲ್ಚಿನ್ ಎಂಬ ಇಂಗ್ಲೆಂಡಿನ ಪುರಾತತ್ವಜ್ಞ 1957ರಲ್ಲಿ ಉಟ್ನೂರಿನಲ್ಲಿ ಅಗೆದು, ಇವು ದನದ ದೊಡ್ಡಿಯ ಸೆಗಣಿ ಮತ್ತೆ ಮತ್ತೆ ಸುಟ್ಟು ಬೆಳೆದ ಗುಡ್ಡಗಳು ಎಂದು ತೋರಿಸಿದರು. ನಾಲ್ಕೈದು ಸಾವಿರ ವರ್ಷದ ಹಿಂದಿನ ಮಾತು. ವಿಜಯನಗರ ಅದರ ಮುಂದೆ ನಿನ್ನೆ ಮೊನ್ನೆಯದು. ಆ ಸೆಗಣಿ ಬಳಿದು ಒಟ್ಟಿದವರು ಯಾರೆಂದು ಪುಸ್ತಕಗಳು ಹೇಳುವುದಿಲ್ಲ. ಇವತ್ತಿಗೂ ಬೆಳಗಾದರೆ ಕುಳ್ಳು ತಟ್ಟುವವರು ಯಾರೆಂದು ಬಲ್ಲ ನನಗೆ ಸಂಶಯವಿಲ್ಲ. ರಾಜ ಕಟ್ಟಿಸಿದ್ದಕ್ಕೆ ಟಿಕೇಟು, ಹುಲ್ಲುಹಾಸು, ರಾತ್ರಿಯ ಬಣ್ಣದ ದೀಪ. ಬೂದಿಗುಡ್ಡ ನೋಡಲು ಯಾವ ನೆಂಟರೂ ರಜೆಯಲ್ಲಿ ಬಂದದ್ದಿಲ್ಲ.

ಸರ್ಕಾರವನ್ನು ಬೈದು ಸುಮ್ಮನಾದರೆ ನಾನು ಅರ್ಧ ಸುಳ್ಳು ಹೇಳಿದಂತೆ. ತವರಿನ ಓಣಿಯಲ್ಲಿ ಒಂದು ಹಳೆಯ ಹನುಮಪ್ಪನ ಗುಡಿ ಇದೆ. ಕೆಲವು ವರ್ಷದ ಹಿಂದೆ ಅದರ ಜೀರ್ಣೋದ್ಧಾರ ಎಂದರು. ನಾನೂ 501 ರೂಪಾಯಿ ಕೊಟ್ಟೆ, ನನ್ನ ಹೆಸರೂ ಗ್ರಾನೈಟಿನ ಮೇಲೆ ಕೆತ್ತಿದರು. ಹೋಗಿ ನೋಡುತ್ತೇನೆ, ಕಂಬಗಳಿಗೆ ಹಸಿರು ಹಳದಿ ಆಯಿಲ್ ಪೇಂಟು, ನೆಲಕ್ಕೆ ಬಚ್ಚಲಮನೆಯ ಟೈಲ್ಸು. ಕಂಬದ ಮೇಲಿದ್ದ ಒಂದೆರಡು ಸಾಲು ಬರಹ ಬಣ್ಣದಡಿ ಹೋಗಿತ್ತು. ಅದರಲ್ಲಿ ಏನಿತ್ತೆಂದು ಓದಿಸಿದವರು ಊರಲ್ಲಿ ಒಬ್ಬರೂ ಇಲ್ಲ. ನಾನೂ ಓದಿಸಿರಲಿಲ್ಲ. ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲನ್ನು ಆ ದಿನ ಸರಿಯಾಗಿ ನೋಡಿದೆ. ಎತ್ತಿದ ಒಂದು ಕೈ, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಮಹಾಸತಿ ಕಲ್ಲು. ಗಂಡನ ಚಿತೆಗೆ ಬಿದ್ದ ಯಾವಳೋ ಒಬ್ಬಳ ಕೈಯ ಮೇಲೆ ನಾವು ಇಷ್ಟು ವರ್ಷ ಸೀರೆ ಕುಕ್ಕಿದ್ದೆವು.

ಅದಕ್ಕೇ ಹೇಳುವುದು, ಕಾಪಾಡಬೇಡಿ ಎಂದಲ್ಲ, ನಮ್ಮನ್ನು ಬಿಟ್ಟು ಕಾಪಾಡಬೇಡಿ ಎಂದು. ಗೋಡೆ ಕಟ್ಟಬೇಡ, ಮೊಳೆ ಹೊಡೆಯಬೇಡ, ಒಲೆ ಬೇರೆ ಕಡೆ ಇಡು, ಹಗಲು ವ್ಯಾಪಾರ ಮಾಡಿ ರಾತ್ರಿ ಮನೆಗೆ ಹೋಗು ಎಂದಿದ್ದರೆ ಚಿಗವ್ವ ಬೇಡ ಎನ್ನುತ್ತಿದ್ದಳೇ? ಕಾವಲಿಗೆ ಆ ಊರಿನ ಹೆಂಗಸರನ್ನೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದರೆ ನಷ್ಟವೇನಿತ್ತು? ಪೇಂಟು ಬಳಿಯುವ ಮುಂಚೆ ಒಬ್ಬ ತಿಳಿದವನನ್ನು ನಮ್ಮ ಓಣಿಗೆ ಕಳಿಸಿದ್ದರೆ ನನ್ನ 501 ರೂಪಾಯಿ ಬೇರೆಯದಕ್ಕೆ ಹೋಗುತ್ತಿತ್ತು.

ಒಗೆಯುವ ಕಲ್ಲನ್ನು ನಾನು, ನನ್ನ ನಾದಿನಿ ತೊಳೆದು ಗುಡಿಯ ಗೋಡೆಗೆ ಆನಿಸಿ ನಿಲ್ಲಿಸಿದ್ದೇವೆ. ಕಂಬದ ಪೇಂಟು ತೆಂಗಿನ ಜುಂಗಿಗೆ ಹೋಗುವುದಿಲ್ಲ, ತಿಕ್ಕಿ ನೋಡಿದೆವು. ಚಿಗವ್ವ ಹೋದ ತೇರಿನಲ್ಲಿ ಮಲಾರ ಬುಟ್ಟಿಯಲ್ಲಿಟ್ಟುಕೊಂಡು ಬಸ್ ನಿಲ್ಲುವ ಕಡೆ ಕೂತಿದ್ದಳು. ‘ಇಲ್ಲಿ ಕೂಡಂಗಿಲ್ಲ, ಏಳಬೇ’ ಎಂದ ಕಾವಲಿನ ಹುಡುಗ. ಎದ್ದಳು. ಅವನು ಆ ಕಡೆ ತಿರುಗಿದ ಮೇಲೆ ನಾಲ್ಕು ಮಾರು ಈಚೆ ಬಂದು ಕೂತು, ನನ್ನ ಕೈ ಹಿಡಿದು ಎಳೆದು, ಹಸಿರು ಬಳೆಯ ಅಳತೆ ನೋಡತೊಡಗಿದಳು.